ಕೆನೆಯೋ, ದಂತವೋ?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ನಮ್ಮ ಹಿರಿಯರು 'ಗೋಡೆಗೆ ಬಣ್ಣ ಆರಿಸಿ ನೋಡು' ಎಂಬ ಮೂರನೆಯ ಮಾತನ್ನು ಸೇರಿಸದೆ ಹೋದರು. ಸೇರಿಸುವ ಅಗತ್ಯವೂ ಅವರಿಗೆ ಬಿದ್ದಿರಲಾರದು. ಅವರ ಗೋಡೆ ಬಲ್ಲದ್ದು ಒಂದೇ ಬಿಳುಪು. ಅದು ಸುಣ್ಣದ ಬಿಳುಪು. ಇಂದಿನ ಗೃಹಸ್ಥನ ಮುಂದೆ ಬಣ್ಣದಂಗಡಿಯವರು ಬಿಚ್ಚಿ ಹಿಡಿಯುವ ಶೇಡ್ ಕಾರ್ಡಿನಲ್ಲಾದರೋ ಬಿಳುಪೇ ಒಂದು ದೊಡ್ಡ ಅವಿಭಕ್ತ ಕುಟುಂಬ. ಹಾಲು, ಕೆನೆ, ಬೆಣ್ಣೆ, ದಂತ, ಮುತ್ತು, ಮಲ್ಲಿಗೆ, ಚಂದನ ಎಂದು ಅಣ್ಣತಮ್ಮಂದಿರಂತೆ ಮುಖಚಹರೆ ಹೋಲುವ ಹತ್ತಾರು ಬಣ್ಣಗಳು ಅಲ್ಲಿ ಸಾಲಾಗಿ ನಿಂತಿರುತ್ತವೆ.

ಕೆಂಪು ಬೇಕೆ, ನೀಲಿ ಬೇಕೆ ಎಂದು ಕೇಳಿದರೆ ಯಾರೂ ತಡವರಿಸುವುದಿಲ್ಲ. ಕೆನೆಯೋ ದಂತವೋ ಎಂದು ಕೇಳಿದಾಗ ಮಾತ್ರ ಮನೆಮಂದಿಯೆಲ್ಲ ಎರಡು ಪಂಗಡವಾಗುತ್ತಾರೆ. ಹೊರಗಿನವರಿಗೆ ಇದು ನಗೆಯ ವಿಷಯ. ಆದರೆ ಒಮ್ಮೆ ಹಚ್ಚಿದ ಬಣ್ಣ ಕೆಲವು ವರ್ಷಗಳಾದರೂ ಕಣ್ಣ ಮುಂದೆ ಇರತಕ್ಕದ್ದು. ಅದಕ್ಕೆ ತಗಲುವ ವೆಚ್ಚವೂ ಮಧ್ಯಮವರ್ಗದ ಕುಟುಂಬಕ್ಕೆ ಹಗುರವಾದುದಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹಗಲಿರುಳೂ ಅದೇ ಕೋಣೆಯಲ್ಲಿ ಕಳೆಯಬೇಕಾದ ವೃದ್ಧರೋ ರೋಗಿಗಳೋ ಮನೆಯಲ್ಲಿದ್ದರೆ, ಗೋಡೆಯ ಬಣ್ಣವು ಬರಿಯ ಅಲಂಕಾರದ ಮಾತಾಗಿ ಉಳಿಯುವುದಿಲ್ಲ.

ಸುಣ್ಣದ ಕಾಲ

ಸುಣ್ಣಕ್ಕೂ ಒಂದು ಶಾಸ್ತ್ರವಿತ್ತು. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹೊಯ್ದಾಗ ಅದು ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ತಿಳಿಯಾಗಿ ಕಲಸಿ ಗೋಡೆಗೆ ಬಳಿದರೆ, ಗಾಳಿಯಲ್ಲಿರುವ ಅದೇ ಅನಿಲವನ್ನು ಮರಳಿ ಹೀರಿಕೊಂಡು ಮತ್ತೆ ಕಲ್ಲಿನ ತೆಳುಪದರವಾಗುತ್ತದೆ. ಹಸಿಯಾಗಿದ್ದಾಗ ನೀರಿನಂತೆ ಕಾಣುವ ಸುಣ್ಣ ಒಣಗುತ್ತ ಒಣಗುತ್ತ ಬೆಳ್ಳಗಾಗುವುದರ ಗುಟ್ಟು ಇದೇ.

ಹಬ್ಬದ ಮುನ್ನಾದಿನಗಳಲ್ಲಿ ಮನೆಗೆ ಸುಣ್ಣ ಹೊಡೆಸುತ್ತಿದ್ದ ಗೃಹಿಣಿಯರು ಅದಕ್ಕೆ ಚಿಟಿಕೆಯಷ್ಟು ಬಟ್ಟೆಯ ನೀಲಿಯನ್ನು ಬೆರೆಸುವ ವಾಡಿಕೆಯಿತ್ತು. ಸುಣ್ಣದಲ್ಲಿ ಅಡಗಿರುವ ಹಳದಿ ಛಾಯೆಯನ್ನು ನೀಲಿ ಮರೆಸಿ ಗೋಡೆಯನ್ನು ಇನ್ನಷ್ಟು ಬಿಳುಪಾಗಿ ತೋರಿಸುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಗೋಡೆಯ ವಿಚಾರದಲ್ಲಿಯೂ ಅವರು ಬಲ್ಲವರಾಗಿದ್ದರು. ಗೋಡೆಯ ಬುಡದಲ್ಲಿ ಗೇಣುದ್ದದ ಕಾವಿಯ ಪಟ್ಟಿಯನ್ನು ಎಳೆಸುವುದೂ ಅವರ ಪದ್ಧತಿಯೇ.

ಸುಣ್ಣದ ಸ್ಥಾನವನ್ನು ಕಾರ್ಖಾನೆಯ ಬಣ್ಣ ಮೆಲ್ಲಮೆಲ್ಲನೆ ಆಕ್ರಮಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಸ್ಥಾಪಿತವಾಯಿತು. 1962ರ ಮಹಾಚುನಾವಣೆಯಿಂದೀಚೆಗೆ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ತಯಾರಿಸಿ ಹೆಸರಾದ ಸಂಸ್ಥೆ ಅದೇ. ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಈಗಿನ ಗೋಡೆಬಣ್ಣದ ಬಿಳುಪಿಗೆ ಆಧಾರ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಯ ಪುಡಿ. ಅದರ ಮೂಲವಾದ ಇಲ್ಮೆನೈಟ್ ಅದಿರು ಕೇರಳದ ಚವರ ತೀರದ ಕರಿಮರಳಿನಲ್ಲಿ ಹೇರಳವಾಗಿದೆ. ಕರಿಮರಳಿನಿಂದ ಬೆಳ್ಳಗಿನ ಗೋಡೆ ಹುಟ್ಟುವುದು ಪ್ರಕೃತಿಯ ಒಂದು ಸೋಜಿಗ. ಅಂಗಡಿಯ ಯಂತ್ರವು ಈ ಬಿಳಿಯ ಮೂಲಬಣ್ಣಕ್ಕೆ ಹಳದಿ, ಕಪ್ಪು, ಕೆಂಪು ದ್ರಾವಣಗಳನ್ನು ಅಳತೆಯಂತೆ ಹನಿಸಿ ಕಲಕುತ್ತದೆ. ಕೆನೆಗೂ ದಂತಕ್ಕೂ ಡಬ್ಬಿಯಲ್ಲಿ ಇರುವ ಅಂತರ ಅಂಥ ಕೆಲವು ಹನಿಗಳು ಮಾತ್ರ. ಅಷ್ಟು ಸಣ್ಣ ಅಂತರ ಗೋಡೆಗೆ ಏರಿದ ಮೇಲೆ ಹಿರಿದಾಗುವುದೂ ಉಂಟು, ಇಲ್ಲವಾಗುವುದೂ ಉಂಟು. ಅದನ್ನು ನಿರ್ಣಯಿಸುವುದು ಕೋಣೆ.

ಒಂದು ಕೋಣೆ, ಎರಡು ಮತ

ವಿಷಯ ಸ್ಪಷ್ಟವಾಗಲು ಕ್ಯಾತ್ಸಂದ್ರದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಇಂದು ತುಮಕೂರು ಮಹಾನಗರಪಾಲಿಕೆಯ ಎಲ್ಲೆಯೊಳಗಿರುವ ಈ ಊರನ್ನು ಹೊರಗಿನವರು ಬಲ್ಲುದು ಮುಖ್ಯವಾಗಿ ಎರಡು ಕಾರಣಗಳಿಂದ: ಸಿದ್ಧಗಂಗೆಯ ಮಠಕ್ಕೆ ಹೋಗುವ ದಾರಿಯೆಂದು, ತಟ್ಟೆ ಇಡ್ಲಿಯ ತವರೆಂದು. ಮನೆ ಹಳೆಯದು, ನೆಲ ಕೆಂಪು ಗಾರೆಯದು. ಮಾವನವರ ಕೋಣೆಗೆ ಇರುವುದು ಒಂದೇ ಕಿಟಕಿ. ಅದು ಉತ್ತರಕ್ಕೆ ತೆರೆಯುತ್ತದೆ. ಕಿಟಕಿಯಾಚೆ ಕೆಮ್ಮಣ್ಣಿನ ಅಂಗಳ, ಅದರಾಚೆ ನಾಲ್ಕು ತೆಂಗಿನ ಮರ. ಮಾವನವರಿಗೆ ಎಪ್ಪತ್ತು ದಾಟಿದೆ, ಕಣ್ಣಿಗೆ ಪೊರೆ ಬರುತ್ತಿದೆ.

ಅತ್ತೆಯವರ ಮನಸ್ಸು ಕೆನೆಬಣ್ಣದ ಮೇಲೆ. ಸೊಸೆಯ ಒಲವು ದಂತದ ಬಣ್ಣಕ್ಕೆ. "ಅತ್ತೆ, ಇದು ತುಸು ಹಳದಿಯಾಯಿತೆಂದು ನಿಮಗೆ ಅನ್ನಿಸುವುದಿಲ್ಲವೇ?" ಎಂದು ಸೊಸೆ ಕೇಳುತ್ತಾಳೆ. "ಅದು ಹಳದಿಯಲ್ಲಮ್ಮ, ಲಕ್ಷಣ. ನಿನ್ನ ಬಣ್ಣ ಆಸ್ಪತ್ರೆಯ ಗೋಡೆಯ ಹಾಗಿದೆ" ಎಂಬುದು ಅತ್ತೆಯ ಉತ್ತರ. ತೀರ್ಪಿಗಾಗಿ ಮಾವನವರ ಬಳಿಗೆ ಹೋದರೆ ಅವರು ಕಾರ್ಡನ್ನು ಬೆಳಕಿಗೆ ಹಿಡಿದು, "ಎರಡೂ ಒಂದೇ ಅಲ್ಲವೇ?" ಎನ್ನುತ್ತಾರೆ. ಮೂವರೂ ತಮಗೆ ಕಂಡದ್ದನ್ನೇ ಹೇಳಿದ್ದಾರೆ. ಯಾರ ಮಾತೂ ಸುಳ್ಳಲ್ಲ.

ಕ್ಯಾತ್ಸಂದ್ರದ ಸೂರ್ಯ

ಇಂಗ್ಲಿಷಿನ ಗೃಹಾಲಂಕಾರ ಪುಸ್ತಕಗಳನ್ನು ತೆರೆದರೆ ಅತ್ತೆಯವರಿಗೆ ಬೆಂಬಲ ಸಿಕ್ಕೀತು. ಉತ್ತರದ ಕಿಟಕಿಯ ಬೆಳಕು ನೀಲಿ ಬೆರೆತು ತಂಪಾಗಿರುತ್ತದೆ, ಆದ್ದರಿಂದ ಅಂಥ ಕೋಣೆಗೆ ಹಳದಿ ಛಾಯೆಯ ಬೆಚ್ಚನೆಯ ಬಣ್ಣ ಬೇಕು ಎಂಬುದು ಅವುಗಳ ಉಪದೇಶ. ಆ ಉಪದೇಶ ಹುಟ್ಟಿದ್ದು ಲಂಡನ್ನಿನಂಥ ಊರುಗಳಲ್ಲಿ. ಲಂಡನ್ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ 51 ಡಿಗ್ರಿಗಿಂತ ಮೇಲೆ. ಅಲ್ಲಿ ನಡುಹಗಲಿನ ಸೂರ್ಯ ವರ್ಷದ ಯಾವ ದಿನವೂ ಉತ್ತರಕ್ಕೆ ಬರುವುದಿಲ್ಲ.

ಕ್ಯಾತ್ಸಂದ್ರ ಇರುವುದು ಸುಮಾರು 13 ಡಿಗ್ರಿಯಲ್ಲಿ. ಇಲ್ಲಿ ಏಪ್ರಿಲ್ ಕೊನೆಯ ವಾರದಲ್ಲೊಂದು ದಿನ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಬಂದು, ನೆಟ್ಟ ಕಂಬಕ್ಕೆ ನೆರಳಿಲ್ಲದಂತಾಗುತ್ತದೆ. ಅಲ್ಲಿಂದ ಆಗಸ್ಟ್ ಮಧ್ಯಭಾಗದವರೆಗೆ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಜೂನ್ ತಿಂಗಳಿನಲ್ಲಿ ಅವನು ಉದಯಿಸುವುದು ನೇರ ಪೂರ್ವದಿಂದ 24 ಡಿಗ್ರಿಯಷ್ಟು ಉತ್ತರಕ್ಕೆ ಸರಿದು. ಅಂದರೆ ವರ್ಷದಲ್ಲಿ ಮೂರೂಮುಕ್ಕಾಲು ತಿಂಗಳು ಮಾವನವರ ಕಿಟಕಿಗೆ ಬಿಸಿಲಿನ ಹಕ್ಕಿದೆ. ನಡುಹಗಲಿನ ಬಿಸಿಲನ್ನು ಸಜ್ಜೆ ತಡೆದರೂ, ಬೆಳಗಿನ ಮತ್ತು ಸಂಜೆಯ ಓರೆಬಿಸಿಲು ಒಳನುಗ್ಗುತ್ತದೆ. ಮಳೆಗಾಲದ ಮೋಡ ಕವಿದ ದಿನಗಳಲ್ಲಿ ಮಾತ್ರ ಅದೇ ಕಿಟಕಿ ಬೂದುಬೆಳಕನ್ನು ಕೊಡುತ್ತದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದು, ನಡುಹಗಲಿನಲ್ಲಿಯೂ ಸುಮಾರು 53 ಡಿಗ್ರಿಗಿಂತ ಮೇಲೇರುವುದಿಲ್ಲ. ಆಗ ಉತ್ತರದ ಕೋಣೆಗೆ ಆಕಾಶದ ಬೆಳಕೇ ಗತಿ.

ಹೀಗಾಗಿ ಬೇರೆ ಅಕ್ಷಾಂಶದ ಸಲಹೆಯನ್ನು ಇಲ್ಲಿಯ ಗೋಡೆಗೆ ಹಾಗೆಯೇ ಅಂಟಿಸುವುದು ಸಲ್ಲದು. ಅದಲ್ಲದೆ ಕಿಟಕಿಯಿಂದ ಬರುವುದು ಆಕಾಶದ ಬೆಳಕೊಂದೇ ಅಲ್ಲ. ಅಂಗಳದ ಕೆಮ್ಮಣ್ಣು ಬಿಸಿಲನ್ನು ತನ್ನ ಬಣ್ಣದಲ್ಲಿ ಅದ್ದಿ ಮೇಲಕ್ಕೆ ಎರಚುತ್ತದೆ. ತೆಂಗಿನ ಗರಿಗಳು ಹಸುರನ್ನು ಸೇರಿಸುತ್ತವೆ.

ಗೋಡೆಗೆ ಗೋಡೆ ಕನ್ನಡಿ

ಕಾರ್ಡಿನ ಮೇಲೆ ತಿಳಿಯಾಗಿದ್ದ ಬಣ್ಣ ಕೋಣೆಯಲ್ಲಿ ಗಾಢವಾಯಿತೆಂಬ ದೂರು ಎಲ್ಲ ಊರುಗಳಲ್ಲಿಯೂ ಕೇಳಿಬರುತ್ತದೆ. ಪೇಂಟರು ಹನಿ ಹೆಚ್ಚು ಹಾಕಿಸಿದರೆಂದು ಶಂಕಿಸುವವರೂ ಇದ್ದಾರೆ. ಕಾರಣ ಬೇರೆಯೇ ಇದೆ. ಕಾರ್ಡಿನಿಂದ ಬೆಳಕು ಒಂದೇ ಸಲ ಪುಟಿದು ಕಣ್ಣಿಗೆ ಬರುತ್ತದೆ. ಕೋಣೆಯಲ್ಲಿ ಅದು ಈ ಗೋಡೆಯಿಂದ ಆ ಗೋಡೆಗೆ, ಅಲ್ಲಿಂದ ಸೂರಿಗೆ ಎಂದು ಹಲವು ಸಲ ಪುಟಿಯುತ್ತದೆ. ಪ್ರತಿ ಸಲವೂ ಗೋಡೆ ತನ್ನ ಬಣ್ಣದ ತೆರಿಗೆಯನ್ನು ವಸೂಲು ಮಾಡುತ್ತದೆ.

ಒಂದು ಸಣ್ಣ ಲೆಕ್ಕ ಸಾಕು. ಕೆನೆಬಣ್ಣವು ತನ್ನ ಮೇಲೆ ಬಿದ್ದ ಹಳದಿ ಬೆಳಕಿನಲ್ಲಿ ನೂರಕ್ಕೆ 80 ಪಾಲನ್ನೂ, ನೀಲಿ ಬೆಳಕಿನಲ್ಲಿ 65 ಪಾಲನ್ನೂ ಹಿಂದಿರುಗಿಸುತ್ತದೆ ಎಂದಿಟ್ಟುಕೊಳ್ಳಬಹುದು. ಮೂರು ಸಲ ಪುಟಿದ ಮೇಲೆ ಹಳದಿ 51 ಪಾಲು ಉಳಿದರೆ ನೀಲಿ ಉಳಿಯುವುದು 27 ಮಾತ್ರ. ದಂತದ ಬಣ್ಣ ಹಳದಿಯನ್ನು 82, ನೀಲಿಯನ್ನು 75 ಪಾಲು ಹಿಂದಿರುಗಿಸುವುದಾದರೆ, ಮೂರನೆಯ ಸಲಕ್ಕೆ 55 ಮತ್ತು 42 ಪಾಲು ಉಳಿಯುತ್ತವೆ. ಕಾರ್ಡಿನಲ್ಲಿ ಕೂದಲೆಳೆಯಷ್ಟಿದ್ದ ಅಂತರ ಕೋಣೆಯ ಮೂಲೆಗಳಲ್ಲಿ ಹಗ್ಗದಷ್ಟಾಗುವುದು ಹೀಗೆ. ಇನ್ನು ಕೆಂಪು ಗಾರೆಯ ನೆಲವೂ ತನ್ನ ಪಾಲಿನ ಕೆಂಪನ್ನು ಗೋಡೆಯ ಕೆಳಭಾಗಕ್ಕೆ ಧಾರೆಯೆರೆಯುತ್ತದೆ. ಅಂಥ ಕೋಣೆಯಲ್ಲಿ ಬೆಚ್ಚನೆಯ ಛಾಯೆ ಆಗಲೇ ಇದೆ. ಡಬ್ಬಿಯಿಂದಲೂ ಅದನ್ನೇ ಸುರಿದರೆ ಕೆನೆ ಹೋಗಿ ಅರಿಶಿನವಾದೀತು.

ನೆರೆಹೊರೆಯ ಪ್ರಭಾವ

ಪ್ಯಾರಿಸ್ಸಿನ ಗೋಬೆಲಿನ್ ಚಿತ್ರಗಂಬಳಿಗಳ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಣೆ ವಹಿಸಿದ್ದ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞನಿಗೆ ಒಂದು ದೂರು ಬಂದಿತ್ತು: ಕಪ್ಪು ನೂಲಿನಲ್ಲಿ ಸಾಕಷ್ಟು ಕಪ್ಪಿಲ್ಲ ಎಂದು. ಪರೀಕ್ಷಿಸಿ ನೋಡಿದಾಗ ನೂಲಿನಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದಿದ್ದ ಬಣ್ಣಗಳು ಅದನ್ನು ಪೇಲವಗೊಳಿಸಿದ್ದುವು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಾಯಿಸುತ್ತವೆ ಎಂಬ ತತ್ತ್ವವನ್ನು ಆತ 1839ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು.

ಅಷ್ಟು ದೂರ ಹೋಗದೆ ಕ್ಯಾತ್ಸಂದ್ರದ ಹೋಟೆಲಿನಲ್ಲಿಯೇ ಇದನ್ನು ಕಾಣಬಹುದು. ತಟ್ಟೆ ಇಡ್ಲಿ ಬೆಳ್ಳಗಿದೆ, ಕಾಯಿಚಟ್ನಿಯೂ ಬೆಳ್ಳಗಿದೆ. ಒಂದೇ ತಟ್ಟೆಯಲ್ಲಿ ಎರಡೂ ಬಂದೊಡನೆ ಚಟ್ನಿಯಲ್ಲಿ ಹಸಿಮೆಣಸಿನಕಾಯಿಯ ಹಸುರು ಇಣುಕುತ್ತದೆ, ಇಡ್ಲಿ ಇನ್ನಷ್ಟು ಬೆಳಗುತ್ತದೆ. ಶೇಡ್ ಕಾರ್ಡಿನಲ್ಲಿ ನಡೆಯುವುದೂ ಇದೇ. ದಂತದ ಪಕ್ಕದಲ್ಲಿರುವುದರಿಂದಲೇ ಕೆನೆ ಅಷ್ಟು ಹಳದಿ. ಕೆನೆಯ ಪಕ್ಕದಲ್ಲಿರುವುದರಿಂದಲೇ ದಂತ ಅಷ್ಟು ಬಿಳಿ. ಗೋಡೆಗೆ ಒಂದನ್ನು ಹಚ್ಚಿದ ಮೇಲೆ ಇನ್ನೊಂದು ಹೋಲಿಕೆಗೆ ಅಲ್ಲಿ ಇರುವುದಿಲ್ಲ. ಅಕ್ಕಪಕ್ಕದಲ್ಲಿಟ್ಟಾಗ ಮಾತ್ರ ತಿಳಿಯುವಷ್ಟು ಸೂಕ್ಷ್ಮವಾದ ಅಂತರವನ್ನು ನೆನಪಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಮನುಷ್ಯನ ಕಣ್ಣಿಗೆ ಬಹಳ ಕಡಮೆ.

ದೀಪ ಹತ್ತಿದ ಮೇಲೆ

ಹಗಲಿನ ತೀರ್ಪನ್ನು ಇರುಳು ತಳ್ಳಿಹಾಕಬಹುದು. ಹಿಂದಿನ ತಂತಿಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್ನಿನದು. ಅದರಡಿಯಲ್ಲಿ ಯಾವ ಬಿಳುಪಾದರೂ ಬೆಣ್ಣೆಯಾಗುತ್ತಿತ್ತು. ಈಗ ಮನೆಮನೆಯಲ್ಲಿ ಎಲ್‌ಇಡಿ ದೀಪಗಳಿವೆ. ಅವುಗಳ ಪೆಟ್ಟಿಗೆಯ ಮೇಲೆ 'ವಾರ್ಮ್' ಎಂದಿದ್ದರೆ ಅದು 2700ರಿಂದ 3000 ಕೆಲ್ವಿನ್. 'ಕೂಲ್ ಡೇಲೈಟ್' ಎಂದಿದ್ದರೆ ಸಾಮಾನ್ಯವಾಗಿ 6500. ಎರಡನೆಯದರ ಬೆಳಕಿನಲ್ಲಿ ನೀಲಿಯ ಅಂಶ ಹೆಚ್ಚು. ಹಗಲಿನಲ್ಲಿ ಲಕ್ಷಣವಾಗಿದ್ದ ದಂತದ ಗೋಡೆ ಅದರಡಿಯಲ್ಲಿ ಅತ್ತೆಯವರು ಹೇಳಿದಂತೆ ಆಸ್ಪತ್ರೆಯ ಗೋಡೆಯಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ದೀಪವನ್ನು ಬದಲಾಯಿಸುವುದು ಗೋಡೆಯನ್ನು ಬದಲಾಯಿಸುವುದಕ್ಕಿಂತ ಎಷ್ಟೋ ಅಗ್ಗ.

ಇನ್ನೊಂದು ವಿಚಿತ್ರವೂ ಇದೆ. ಬೇರೆ ಬೇರೆ ವರ್ಣದ್ರವ್ಯಗಳಿಂದ ತಯಾರಾದ ಎರಡು ಬಣ್ಣಗಳು ಹಗಲಿನಲ್ಲಿ ಒಂದೇ ಆಗಿ ಕಂಡು, ದೀಪದ ಬೆಳಕಿನಲ್ಲಿ ಬೇರೆಯಾಗಬಹುದು. ಒಂದು ಕಂಪನಿಯ ಬಣ್ಣಕ್ಕೆ ಹೊಂದುವಂತೆ ಮತ್ತೊಂದರ ಬಣ್ಣವನ್ನು ಕಲಸಿಕೊಂಡು, ಅರ್ಧ ಗೋಡೆಗೆ ಅದನ್ನೂ ಉಳಿದರ್ಧಕ್ಕೆ ಇದನ್ನೂ ಹಚ್ಚಬಾರದೆಂಬುದು ಇದರಿಂದಲೇ.

ಯಾರ ಕಣ್ಣು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಆ ಕೋಣೆಯನ್ನು ನೋಡುವ ಕಣ್ಣು ಯಾರದು ಎಂಬುದು. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಹಳದಿಗಟ್ಟುತ್ತದೆ; ನೀಲಿ ಬೆಳಕನ್ನು ಅದು ಒಳಗೆ ಬಿಡುವುದು ಕಡಮೆಯಾಗುತ್ತದೆ. ಪೊರೆ ಬಂದಾಗ ಇದು ಇನ್ನೂ ಹೆಚ್ಚು. ಮಾವನವರಿಗೆ ಕೆನೆಯೂ ದಂತವೂ ಒಂದೇ ಆಗಿ ಕಂಡದ್ದು ಅವರ ಉದಾಸೀನದಿಂದಲ್ಲ. ಅವರು ನೋಡುವ ಬಿಳುಪಿಗೆಲ್ಲ ಕಣ್ಣೇ ಕೆನೆಯನ್ನು ಬೆರೆಸುತ್ತಿದೆ. ಫ್ರಾನ್ಸಿನ ಚಿತ್ರಕಾರ ಮೋನೆ ಪೊರೆಯಿಂದ ಬಳಲುತ್ತಿದ್ದ ವರ್ಷಗಳಲ್ಲಿ ಅವನ ಚಿತ್ರಗಳಲ್ಲಿ ಕೆಂಪು ಕಂದುಗಳು ಹೆಚ್ಚಿದ್ದುವು. 1923ರಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ಅವನಿಗೆ ಲೋಕ ಬೇರೆಯೇ ಬಣ್ಣದಲ್ಲಿ ಕಂಡಿತು. ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ಶಿಬಿರಗಳನ್ನು ನಡೆಸಿ ಪೊರೆ ತೆಗೆದ ನಾಡು ನಮ್ಮದು. ಪೊರೆ ತೆಗೆಸಿಕೊಂಡು ಬಂದ ಹಿರಿಯರು ಬಿಳಿಯ ಪಂಚೆಯನ್ನು ನೋಡಿ "ಇದಕ್ಕೆ ನೀಲಿ ಹೆಚ್ಚಾಯಿತು" ಎಂದರೆ ಮನೆಯವರು ನಗಬಾರದು.

ವೃದ್ಧರ ಕಣ್ಣಿಗೆ ಬೇಕಾದದ್ದು ಎರಡು: ಹೆಚ್ಚು ಬೆಳಕು ಮತ್ತು ಸ್ಪಷ್ಟವಾದ ಎಲ್ಲೆ. ಎರಡು ಬಣ್ಣಗಳಲ್ಲಿ ಹೆಚ್ಚು ಬೆಳಕನ್ನು ಹಿಂದಿರುಗಿಸುವುದು ಯಾವುದೆಂದು ತಿಳಿಯಲು ಅದರ ಪ್ರತಿಫಲನಾಂಕವನ್ನು ಅಂಗಡಿಯಲ್ಲಿ ಕೇಳಬಹುದು. ಎಷ್ಟೋ ತಯಾರಕರು ಅದನ್ನು ಪ್ರಕಟಿಸುತ್ತಾರೆ. ನುಣುಪಾಗಿ ಹೊಳೆಯುವ ಬಣ್ಣ ದೀಪವನ್ನು ಕನ್ನಡಿಯಂತೆ ಎಸೆದು ಕಣ್ಣು ಕುಕ್ಕುವುದರಿಂದ ಹೊಳಪಿಲ್ಲದ್ದೇ ಮೇಲು. ಗೋಡೆ, ನೆಲ, ಬಾಗಿಲು ಎಲ್ಲವೂ ಒಂದೇ ತಿಳಿಬಣ್ಣವಾದರೆ ನಡುರಾತ್ರಿ ಎದ್ದವರಿಗೆ ಗೋಡೆ ಎಲ್ಲಿ ಮುಗಿಯಿತು, ಬಾಗಿಲು ಎಲ್ಲಿ ಆರಂಭವಾಯಿತು ಎಂಬುದು ತಿಳಿಯದೆ ಎಡವಿ ಬೀಳುವ ಭಯವಿದೆ. ಗೋಡೆಯ ಬುಡಕ್ಕೆ ಕಾವಿಯ ಪಟ್ಟಿ ಎಳೆಯುವ ಹಿಂದಿನ ಪದ್ಧತಿ ಕೆಸರಿನ ಕಲೆಯನ್ನು ಮರೆಮಾಡುವುದರ ಜೊತೆಗೆ ಈ ಉಪಕಾರವನ್ನೂ ಮಾಡುತ್ತಿತ್ತು.

ಪರೀಕ್ಷೆಯ ಕ್ರಮ

ಹಾಗಾದರೆ ಆರಿಸುವುದು ಹೇಗೆ? ಅಂಗಡಿಯಲ್ಲಿ ನಿಂತು ನಿರ್ಧರಿಸದೆ, ಎರಡು ಬಣ್ಣಗಳ ಅತಿ ಸಣ್ಣ ಡಬ್ಬಿಗಳನ್ನು ಮನೆಗೆ ತರಬೇಕು. ಎರಡಡಿ ಚೌಕದ ಎರಡು ದಪ್ಪ ರಟ್ಟುಗಳಿಗೆ ಸುತ್ತಲೂ ಎರಡಂಗುಲ ಬಿಳಿಯ ಅಂಚು ಬಿಟ್ಟು ಎರಡೆರಡು ಕೋಟು ಹಚ್ಚಬೇಕು. ಹಳೆಯ ಗೋಡೆಯ ಬಣ್ಣ ಕಣ್ಣನ್ನು ವಂಚಿಸದಿರಲು ಆ ಅಂಚು ಕಾವಲು. ಎಮಲ್ಶನ್ ಬಣ್ಣ ಸುಣ್ಣಕ್ಕೆ ತದ್ವಿರುದ್ಧ. ಹಸಿಯಾಗಿದ್ದಾಗ ತಿಳಿಯಾಗಿದ್ದು ಒಣಗಿದಾಗ ತುಸು ಗಾಢವಾಗುತ್ತದೆ. ಆದ್ದರಿಂದ ಒಂದು ದಿನ ಪೂರ್ತಿ ಒಣಗುವವರೆಗೆ ಅಭಿಪ್ರಾಯ ಕೊಡಬಾರದು.

ಅನಂತರ ಒಂದು ರಟ್ಟನ್ನು ಮಾತ್ರ ಕಿಟಕಿಯ ಎದುರುಗೋಡೆಗೆ, ಮತ್ತೆ ಕಿಟಕಿಯ ಪಕ್ಕದ ಗೋಡೆಗೆ ಒರಗಿಸಿ ಬೆಳಗ್ಗೆ ಏಳಕ್ಕೆ, ನಡುಹಗಲಿಗೆ, ಸಂಜೆ ಐದಕ್ಕೆ, ದೀಪ ಹತ್ತಿದ ಮೇಲೆ ನೋಡಬೇಕು. ಮರುದಿನ ಎರಡನೆಯದಕ್ಕೆ ಅದೇ ಉಪಚಾರ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ಕೊನೆಗೆ, ಅದೂ ಒಂದೇ ಸಲ. ನೋಡುವಾಗ ಆ ಕೋಣೆಯಲ್ಲಿ ಇರತಕ್ಕವರು ತಾವು ಮಲಗುವ, ಕೂರುವ ಜಾಗದಿಂದಲೇ ನೋಡಬೇಕು.

ಮೇಲೆ ಊಹಿಸಿದ ಕೋಣೆಗೆ ಈ ಪರೀಕ್ಷೆ ನಡೆದರೆ ದಂತದ ಬಣ್ಣ ಗೆಲ್ಲುವ ಸಂಭವವೇ ಹೆಚ್ಚು: ನೆಲ, ಅಂಗಳ, ಓರೆಬಿಸಿಲು ಮೂರೂ ಬೆಚ್ಚನೆಯ ಛಾಯೆಯನ್ನು ಪುಕ್ಕಟೆಯಾಗಿ ಕೊಡುತ್ತಿವೆ, ಮಾವನವರ ಕಣ್ಣಿಗೆ ಬೇಕಾದದ್ದು ಬೆಳಕು. ಅತ್ತೆಯವರ ಆಕ್ಷೇಪಣೆಗೆ 'ವಾರ್ಮ್' ದೀಪವೊಂದು ಸಮಾಧಾನ, ಗೋಡೆಯ ಬುಡಕ್ಕೆ ಕಾವಿಯ ಪಟ್ಟಿ ಅವರ ತವರಿನ ನೆನಪು. ಅದೇ ಮನೆಯಲ್ಲಿ ಬೂದುಗ್ರಾನೈಟ್ ಹಾಸಿದ, ಎದುರುಮನೆಯ ಸಿಮೆಂಟ್ ಗೋಡೆಯ ಕಡೆಗೆ ಕಿಟಕಿಯುಳ್ಳ ಮಹಡಿಯ ಕೋಣೆಗಾದರೆ ಅತ್ತೆಯವರ ಕೆನೆಯೇ ಸರಿಯಾದೀತು. ಒಂದು ಕೋಣೆಯ ಸೋಲು ಮತ್ತೊಂದು ಕೋಣೆಯ ಗೆಲವು.

ಎರಡು ದಿನ ನೋಡಿದರೂ ಅಂತರವೇ ತೋರದಿದ್ದರೆ? ಆಗ ಹೆಚ್ಚು ಬೆಳಕು ಕೊಡುವುದನ್ನು ಆರಿಸಿ ಸುಮ್ಮನಾಗುವುದು ವಿವೇಕ. ಕೋಣೆಯೇ ಬೇರ್ಪಡಿಸದ ಎರಡು ಬಣ್ಣಗಳಿಗಾಗಿ ಮನೆಮಂದಿ ಬೇರ್ಪಡುವುದರಲ್ಲಿ ಅರ್ಥವಿಲ್ಲ. ಬಣ್ಣ ಹಚ್ಚಿ ತಿಂಗಳಾದ ಮೇಲೆ ಅದರ ಹೆಸರು ಯಾರಿಗೂ ನೆನಪಿರುವುದಿಲ್ಲ; ಬೆಳಗಿನ ಬೆಳಕಿನಲ್ಲಿ ಹಿರಿಯರು ಕನ್ನಡಕವೇರಿಸಿ ಪಂಚಾಂಗ ಓದಲು ಆ ಕೋಣೆಯಲ್ಲಿ ತಡಕಾಡಬೇಕಾಯಿತೇ ಇಲ್ಲವೇ ಎಂಬುದಷ್ಟೇ ಉಳಿಯುತ್ತದೆ.